ವಿದೇಶದಲ್ಲಿ ಸ್ವಯಂಸೇವೆಗೆ ಹೋಗುವ ಆಸೆ, ತಯಾರಿಗೆ ಈಗಲೇ ಕೆಲಸ ಬಿಡಲೇ?

ಪ್ರಶ್ನೆ: ನನಗೆ 32 ವರ್ಷ. ತಿಪಟೂರು ಕಡೆಯವಳು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಡೇಟಾ ಅನಲಿಸ್ಟ್. ಒಟ್ಟು ಎಂಟು ವರ್ಷದ ಅನುಭವ, ಈಗಿನ ಕಂಪನಿಯಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳು. ವಿಶ್ವಸಂಸ್ಥೆಯ ಸ್ವಯಂಸೇವಕಿಯಾಗಿ ಆಫ್ರಿಕಾದಲ್ಲಿ ಒಂದೆರಡು ವರ್ಷ ಕೆಲಸ ಮಾಡಬೇಕು ಅನ್ನೋದು ಕಾಲೇಜಿನಿಂದಲೂ ಇರುವ ಆಸೆ. ಇನ್ನೆರಡು ತಿಂಗಳಲ್ಲಿ ರಾಜೀನಾಮೆ ಕೊಟ್ಟು, ಒಂದು ವರ್ಷ ಪೂರ್ತಿ ತಯಾರಿಗೆ ಇಡೋಣ ಅಂದುಕೊಂಡಿದ್ದೇನೆ. ಫ್ರೆಂಚ್ ಕಲಿಯುವುದು, ಯಾವುದಾದರೂ ಎನ್‌ಜಿಒ ಜೊತೆ ಓಡಾಡುವುದು, ಅರ್ಜಿ ಹಾಕುವುದು. ನೋಟಿಸ್ ಪೀರಿಯಡ್ 90 ದಿನ. ಉಳಿತಾಯ ಆರೂವರೆ ಲಕ್ಷ. ಊರಲ್ಲಿ ಕಟ್ಟಿಸಿದ ಮನೆಯ ಸಾಲದ ಕಂತು ತಿಂಗಳಿಗೆ 27 ಸಾವಿರ, ಮನೆಖರ್ಚಿಗೆ 15 ಸಾವಿರ ಕಳಿಸುತ್ತೇನೆ. ಅಪ್ಪನಿಗೆ 64, ಶುಗರ್ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಅವರ ವಿಮೆ ನನ್ನ ಕಂಪನಿಯದ್ದೇ. ಎರಡು ವರ್ಷ ಗ್ಯಾಪ್ ಆದರೆ ಮತ್ತೆ ಯಾರೂ ತಗೊಳ್ಳಲ್ಲ ಅಂತಾರೆ ಮ್ಯಾನೇಜರ್. ಮದುವೆ ಮಾತು ತೆಗೆದು ಅಮ್ಮ ಅಳುತ್ತಾರೆ. ಈ ನಡುವೆ ಕನ್ಸಲ್ಟೆನ್ಸಿಯೊಂದು 1.8 ಲಕ್ಷ ಕೊಟ್ಟರೆ ‘ಯುಎನ್ ವಾಲಂಟಿಯರ್ ಪ್ಲೇಸ್‌ಮೆಂಟ್’ ಗ್ಯಾರಂಟಿ ಎನ್ನುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಕನ್ಸಲ್ಟೆನ್ಸಿ ವಿಷಯ ಮುಗಿಸಿಬಿಡೋಣ. ದುಡ್ಡು ಕೊಡಬೇಡಿ. ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದರೆ ರಸೀದಿ, ವಾಟ್ಸಾಪ್ ಮೆಸೇಜು ಎಲ್ಲ ಇಟ್ಟುಕೊಂಡು ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ, ಅಂದರೆ ಯುಎನ್‌ವಿ, ಅರ್ಜಿಗಾಗಲಿ ಸಂದರ್ಶನಕ್ಕಾಗಲಿ ತರಬೇತಿಗಾಗಲಿ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಏಜೆಂಟರೂ ಇಲ್ಲ. ಅವರದೇ ವೆಬ್‌ಸೈಟಿನಲ್ಲಿ ನೀವೇ ಪ್ರೊಫೈಲ್ ಮಾಡಿಕೊಂಡು, ನೀವೇ ಅರ್ಜಿ ಹಾಕಬೇಕು. ‘ಗ್ಯಾರಂಟಿ’ ಅನ್ನುವ ಮಾತು ಬಂದ ಕೂಡಲೇ ಫೋನ್ ಇಟ್ಟುಬಿಡಬಹುದು. ಹೊರದೇಶದಲ್ಲಿ ನಿಜವಾದ ಉದ್ಯೋಗ ಕೊಡಿಸುವ ನೋಂದಾಯಿತ ಏಜೆಂಟರಿಗೇ ಕಾನೂನು ಹಾಕಿರುವ ಸೇವಾಶುಲ್ಕದ ಮಿತಿ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ. ಇವರು ಇಲ್ಲದ ಸೇವೆಗೆ ಅದರ ಆರು ಪಟ್ಟು ಕೇಳುತ್ತಿದ್ದಾರೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಹೋಗಲೇ ಬೇಡವೇ’ ಎಂದು ನೀವು ಎಲ್ಲೂ ಕೇಳಿಲ್ಲ. ಹೋಗುವುದು ನಿಮ್ಮ ಮನಸ್ಸಿನಲ್ಲಿ ನಿರ್ಧಾರವಾಗಿದೆ. ಕೇಳಿರುವುದು, ಹೋಗುವ ತಯಾರಿಗೆ ಕೆಲಸ ಬಿಡಬೇಕೇ ಎಂದು. ಇವೆರಡೂ ಬೇರೆ ಬೇರೆ. ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳಕ್ಕೆ ಅರ್ಧ ಕಾರಣ ಇವೆರಡನ್ನೂ ಒಟ್ಟಿಗೆ ಕಟ್ಟಿರುವುದು ಅಂತ ನನಗನಿಸುತ್ತದೆ.

ಸ್ವಯಂಸೇವಕರ ನೇಮಕಾತಿಯಲ್ಲಿ, ಅರ್ಜಿಗಳನ್ನು ಓದುವ ಕಡೆ ಕೂತು ಕೆಲಸ ಮಾಡಿದವನು ನಾನು. ಅಲ್ಲಿ ಕಂಡದ್ದನ್ನು ನೇರವಾಗಿ ಹೇಳುತ್ತೇನೆ. ಹೋಗಿ. ಆದರೆ ತಯಾರಿಗೆಂದು ಕೆಲಸ ಬಿಡಬೇಡಿ. ಆಫರ್ ಕೈಗೆ ಬಂದ ಮೇಲೆ ಬಿಡಿ. ಇದಕ್ಕೆ ಒಂದೇ ಒಂದು ಅಪವಾದ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಯಾಕೆ ಅಂತ ತಿಳಿಯಬೇಕಾದರೆ ಈ ಆಯ್ಕೆ ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು. ಯುಎನ್‌ವಿಯನ್ನು ಸ್ಥಾಪಿಸಲು ವಿಶ್ವಸಂಸ್ಥೆಯ ಮಹಾಸಭೆ ತೀರ್ಮಾನಿಸಿದ್ದು 1970ರಲ್ಲಿ. ಮುಖ್ಯ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಇದು ಐಎಎಸ್ ಪರೀಕ್ಷೆಯ ಹಾಗಲ್ಲ. ವರ್ಷಕ್ಕೊಮ್ಮೆ ಅರ್ಜಿ ಕರೆದು, ಪರೀಕ್ಷೆ ಇಟ್ಟು, ರ‍್ಯಾಂಕ್ ಪಟ್ಟಿ ಹಾಕುವುದಿಲ್ಲ. ಎಲ್ಲೋ ಮಲಾವಿಯಲ್ಲಿ ಯುನಿಸೆಫ್‌ಗೆ ಒಬ್ಬ ಮಾಹಿತಿ ನಿರ್ವಾಹಕ ಬೇಕು, ದಕ್ಷಿಣ ಸುಡಾನ್‌ನಲ್ಲಿ ನಿರಾಶ್ರಿತರ ಸಂಸ್ಥೆಗೆ ಒಬ್ಬ ಎಂಜಿನಿಯರ್ ಬೇಕು ಅಂದಾಗ ಆ ಒಂದು ಹುದ್ದೆಗೆ ವಿವರ ಹೊರಬೀಳುತ್ತದೆ. ಅರ್ಜಿ ಹಾಕಲು ಕೆಲವೇ ವಾರಗಳ ಸಮಯ ಇರುತ್ತದೆ. ಆಮೇಲೆ ಪಟ್ಟಿ ಸೋಸುತ್ತಾರೆ, ಸಂದರ್ಶನ ಆಗುತ್ತದೆ, ಹಿಂದಿನ ಮೇಲಧಿಕಾರಿಗಳನ್ನು ವಿಚಾರಿಸುತ್ತಾರೆ. ಇದೆಲ್ಲ ಮೊದಲ ಸಲವೇ ಆಗಬಹುದು, ಒಂದೂವರೆ ವರ್ಷ ಆದರೂ ಆಗದಿರಬಹುದು. ನೀವು ಎಷ್ಟು ತಯಾರಾಗಿದ್ದೀರಿ ಅನ್ನುವುದಕ್ಕಿಂತ ನಿಮಗೆ ಸರಿಹೊಂದುವ ಹುದ್ದೆ ಯಾವಾಗ ತೆರೆಯುತ್ತದೆ ಅನ್ನುವುದರ ಮೇಲೆ ಇದು ಜಾಸ್ತಿ ನಿಂತಿದೆ.

ಅಂದರೆ ‘ಒಂದು ವರ್ಷ ತಯಾರಿ, ಆಮೇಲೆ ಪ್ರಯಾಣ’ ಅನ್ನುವ ಲೆಕ್ಕವೇ ಇಲ್ಲಿ ನಿಲ್ಲುವುದಿಲ್ಲ. ಕಾಯುವ ಕಾಲ ನಿಮ್ಮ ಕೈಯಲ್ಲಿಲ್ಲ. ಅಷ್ಟೂ ದಿನ ಸಂಬಳವಿಲ್ಲದೆ ಕಾಯಬೇಕೋ, ಸಂಬಳ ತೆಗೆದುಕೊಳ್ಳುತ್ತಾ ಕಾಯಬೇಕೋ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳಿ. ಕಂತು 27 ಸಾವಿರ, ಮನೆಗೆ 15 ಸಾವಿರ. ಬೆಂಗಳೂರಿನಲ್ಲಿ ಬಾಡಿಗೆ, ಊಟ, ಓಡಾಟಕ್ಕೆ ಬಿಗಿಹಿಡಿದು 28 ಸಾವಿರ ಅನ್ನೋಣ. ತಿಂಗಳಿಗೆ 70 ಸಾವಿರ. ಆರೂವರೆ ಲಕ್ಷ ಒಂಬತ್ತು ತಿಂಗಳಿಗೆ ಮುಗಿಯುತ್ತದೆ. ಇದರಲ್ಲಿ ಫ್ರೆಂಚ್ ಕ್ಲಾಸಿನ ಫೀಸು ಇಲ್ಲ, ಅಪ್ಪನ ಹೊಸ ವಿಮೆಯ ಕಂತು ಇಲ್ಲ, ಯಾರಿಗಾದರೂ ಆಸ್ಪತ್ರೆ ಖರ್ಚು ಬಂದರೆ ಅದೂ ಇಲ್ಲ. ಹತ್ತನೇ ತಿಂಗಳಲ್ಲಿ ನೀವು ಸಿಕ್ಕಿದ ಕೆಲಸಕ್ಕೆ ಸೇರಿಕೊಳ್ಳುತ್ತೀರಿ. ಹನ್ನೊಂದನೇ ತಿಂಗಳಲ್ಲಿ ಮಲಾವಿಯ ಹುದ್ದೆ ತೆರೆದರೆ? ಹೊಸ ಕಂಪನಿಯ ಪ್ರೊಬೇಷನ್‌ನಲ್ಲಿ ಕೂತು ನೋಡುತ್ತಿರಬೇಕಾಗುತ್ತದೆ. ಹೀಗೆ ಆಸೆ ಕೈಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಯೋಗ್ಯತೆ ಇಲ್ಲದವರು ಕಡಿಮೆ, ಕಾಯಲು ದುಡ್ಡಿಲ್ಲದವರೇ ಹೆಚ್ಚು.

ನೀವು ಮೂರು ತಯಾರಿ ಹೇಳಿದ್ದೀರಿ. ಒಂದೊಂದನ್ನೇ ನೋಡೋಣ.

ಫ್ರೆಂಚ್. ಕಾಂಗೊ, ಮಾಲಿ, ಕ್ಯಾಮರೂನ್, ಮಧ್ಯ ಆಫ್ರಿಕಾ ಗಣರಾಜ್ಯ, ಸೆನೆಗಲ್, ಮಡಗಾಸ್ಕರ್ ಕಡೆ ಹೋಗುವುದಾದರೆ ಫ್ರೆಂಚ್ ಬೇಕೇ ಬೇಕು. ಅದೂ ಕೆಲಸದ ಮಟ್ಟದ ಫ್ರೆಂಚ್, ಅಂದರೆ ಬಿ2 ಹಂತ. ಅಲ್ಲಿಗೆ ಮುಟ್ಟಲು ಸಾಮಾನ್ಯವಾಗಿ ಐದಾರು ನೂರು ಗಂಟೆಗಳ ಪಾಠ ಬೇಕಾಗುತ್ತದೆ. ವಾರಾಂತ್ಯದ ಕ್ಲಾಸಿನಲ್ಲಿ ಎರಡು ವರ್ಷಕ್ಕೂ ಮೀರಿದ ಕೆಲಸ. ಎ1, ಎ2 ಅನ್ನುವ ಆರಂಭದ ಹಂತಗಳ ಸರ್ಟಿಫಿಕೇಟು ಅರ್ಜಿಯಲ್ಲಿ ಚೆಂದ ಕಾಣುತ್ತದೆ ಅಷ್ಟೇ, ಆಯ್ಕೆಯಲ್ಲಿ ಅದಕ್ಕೆ ತೂಕ ಇಲ್ಲ. ಆದರೆ ಕೀನ್ಯಾ, ಉಗಾಂಡ, ಮಲಾವಿ, ಜಾಂಬಿಯಾ, ದಕ್ಷಿಣ ಸುಡಾನ್ ಇಲ್ಲೆಲ್ಲ ಕಚೇರಿ ಕೆಲಸ ನಡೆಯುವುದು ಇಂಗ್ಲಿಷಿನಲ್ಲೇ. ನಿಮ್ಮ ಮೊದಲ ಪ್ರಯತ್ನ ಆ ಕಡೆಗಿದ್ದರೆ ಫ್ರೆಂಚ್ ಇಲ್ಲದಿರುವುದು ಅಡ್ಡಿಯೇ ಅಲ್ಲ. ಇಷ್ಟಪಟ್ಟು ಕಲಿಯುವುದಾದರೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೆಸ್‌ಗೆ ವಾರಾಂತ್ಯ ಹೋಗಿ. ಅದಕ್ಕಾಗಿ ಕೆಲಸ ಬಿಡುವುದು ಬೇಡ.

ಅರ್ಜಿ ಹಾಕುವುದು. ಪ್ರೊಫೈಲ್ ಮಾಡುವುದಕ್ಕೆ ಒಂದು ಭಾನುವಾರ ಸಾಕು. ಹುದ್ದೆ ಕಂಡಾಗ ಅದಕ್ಕೆ ತಕ್ಕಂತೆ ಬರೆಯುವುದಕ್ಕೆ ಒಂದೆರಡು ಸಂಜೆ. ಇಲ್ಲಿ ಒಂದು ಮಾತು. ಹುದ್ದೆಯ ವಿವರಣೆಯಲ್ಲಿ ಏನು ಕೇಳಿದ್ದಾರೋ ಅದಕ್ಕೆ ಉತ್ತರ ಬರೆಯಿರಿ. ‘ಬಡವರಿಗೆ ಸಹಾಯ ಮಾಡಬೇಕೆಂಬ ತುಡಿತ’ ಅಂತ ಶುರುವಾಗುವ ಪತ್ರಗಳನ್ನು ಓದಿ ಓದಿ ನಮಗೆ ಸಾಕಾಗಿರುತ್ತದೆ. ಆ ತುಡಿತ ಇಲ್ಲದವರು ಅರ್ಜಿಯನ್ನೇ ಹಾಕುವುದಿಲ್ಲ ಅಲ್ವಾ? ನಮಗೆ ಬೇಕಾಗಿರುವುದು, ಅರೆಬರೆ ಮಾಹಿತಿ ಬಂದಾಗ ಈ ಮನುಷ್ಯ ಏನು ಮಾಡಿದ, ಮಾತು ಕೇಳದ ಸಹೋದ್ಯೋಗಿಗಳ ಜೊತೆ ಹೇಗೆ ಕೆಲಸ ತೆಗೆದ ಅನ್ನುವುದು. ಸಂದರ್ಶನದಲ್ಲೂ ಇಂಥದ್ದೇ ಪ್ರಶ್ನೆ. ‘ಹೀಗಾದರೆ ಏನು ಮಾಡುತ್ತೀರಿ’ ಅಂತ ಕೇಳುವುದು ಕಡಿಮೆ. ‘ಹೀಗಾದಾಗ ಏನು ಮಾಡಿದಿರಿ, ಒಂದು ಸಂದರ್ಭ ಹೇಳಿ’ ಅನ್ನುತ್ತಾರೆ.

ಮೂರನೆಯದು, ಎನ್‌ಜಿಒ ಓಡಾಟ. ಇದರಲ್ಲಿ ಹುರುಳಿದೆ. ನಿಮ್ಮ ಅರ್ಜಿಯ ಬಲಹೀನ ಜಾಗವೂ ಇದೇ.

ಯುಎನ್‌ವಿಯ ಅಂತರರಾಷ್ಟ್ರೀಯ ವಿಭಾಗದಲ್ಲಿ 18ರಿಂದ 26 ವರ್ಷದವರಿಗೆ ಯುವ ಸ್ವಯಂಸೇವಕ ಹುದ್ದೆಗಳಿವೆ. 27 ದಾಟಿದವರಿಗೆ, ಕನಿಷ್ಠ ಮೂರು ವರ್ಷ ಅನುಭವ ಇದ್ದರೆ, ಸ್ಪೆಷಲಿಸ್ಟ್ ಹುದ್ದೆಗಳು. 35 ದಾಟಿ 15 ವರ್ಷ ಅನುಭವ ಇದ್ದವರಿಗೆ ಎಕ್ಸ್‌ಪರ್ಟ್ ಹುದ್ದೆಗಳು. ನೀವು ಸ್ಪೆಷಲಿಸ್ಟ್ ಸಾಲಿಗೆ ಬರುತ್ತೀರಿ. ಡೇಟಾ ಕೆಲಸಕ್ಕೆ ಅಲ್ಲಿ ಬೇಡಿಕೆ ಚೆನ್ನಾಗಿದೆ. ಯೋಜನೆಗಳ ಮೇಲ್ವಿಚಾರಣೆ, ಮೌಲ್ಯಮಾಪನ, ಮಾಹಿತಿ ನಿರ್ವಹಣೆ, ನಕ್ಷೆ ಕೆಲಸ ಇವಕ್ಕೆಲ್ಲ ಜನ ಬೇಕು. ಆದರೆ ನಿಮ್ಮ ಎಂಟು ವರ್ಷ ಹೋಗಿರುವುದು ಅಚ್ಚುಕಟ್ಟಾದ ಡೇಟಾಬೇಸ್ ಮೇಲೆ. ಅಲ್ಲಿ ಬರುವುದು ಆಶಾ ಕಾರ್ಯಕರ್ತೆಯರಂಥವರು ಕೈಯಲ್ಲಿ ಬರೆದ ರಿಜಿಸ್ಟರು. ಒಂದೇ ಹಳ್ಳಿಯ ಹೆಸರನ್ನು ನಾಲ್ಕು ರೀತಿ ಬರೆದಿರುತ್ತಾರೆ. ಅರ್ಧ ಮನೆಗಳಿಗೆ ಸಮೀಕ್ಷೆಯವರು ಹೋಗಿಯೇ ಇರುವುದಿಲ್ಲ. ಈ ಕೆಲಸ ಮಾಡಿ ಗೊತ್ತಿದೆ ಅನ್ನುವ ಒಂದು ಸಾಲು ನಿಮ್ಮ ಬಯೋಡೇಟಾದಲ್ಲಿ ಇಲ್ಲ.

ಅದನ್ನು ತುಂಬಿಕೊಳ್ಳುವ ದಾರಿಗಳಲ್ಲಿ ಹೆಚ್ಚಿನವಕ್ಕೆ ಕೆಲಸ ಬಿಡಬೇಕಾಗಿಲ್ಲ. ಯುಎನ್‌ವಿಯದೇ ಆನ್‌ಲೈನ್ ಸ್ವಯಂಸೇವೆ ಇದೆ. ಮನೆಯಿಂದಲೇ ಮಾಡುವ ಕೆಲಸ, ವಾರಕ್ಕೆ ಗರಿಷ್ಠ 20 ಗಂಟೆ, ದುಡ್ಡು ಬರುವುದಿಲ್ಲ, ಪ್ರಮಾಣಪತ್ರ ಬರುತ್ತದೆ. 2010ರ ಹೈಟಿ ಭೂಕಂಪದ ನಂತರ ಹುಟ್ಟಿಕೊಂಡ ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ತಂಡಕ್ಕೆ ಯಾರು ಬೇಕಾದರೂ ಸೇರಿ, ಉಪಗ್ರಹ ಚಿತ್ರ ನೋಡಿ ಮನೆ, ರಸ್ತೆ ಗುರುತಿಸಬಹುದು. ಕೋಬೋಟೂಲ್‌ಬಾಕ್ಸ್ ಅನ್ನುವ ಸಮೀಕ್ಷೆ ಸಾಧನ, ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶ ಎರಡನ್ನೂ ದುಡ್ಡಿಲ್ಲದೆ ಬಳಸಲು ಶುರುಮಾಡಬಹುದು. ನಿಮ್ಮಂಥವರಿಗೆ ಒಂದು ತಿಂಗಳ ಶನಿವಾರಗಳು ಸಾಕು. ವಿಶ್ವಸಂಸ್ಥೆಯ ಭದ್ರತಾ ತರಬೇತಿ ಬಿಸೇಫ್ ಕೂಡ ಆನ್‌ಲೈನ್‌ನಲ್ಲಿ ಉಚಿತ. ಹೋಗುವವರಿಗೆ ಅದು ಕಡ್ಡಾಯ. ಈಗಲೇ ಮಾಡಿಕೊಂಡರೆ ಎಂಥ ಜಾಗಕ್ಕೆ ಹೊರಟಿದ್ದೇವೆ ಅನ್ನುವ ಅಂದಾಜೂ ಸಿಗುತ್ತದೆ.

ಈಗ ಆ ಅಪವಾದಕ್ಕೆ ಬರುತ್ತೇನೆ. ನೀವು ಕೆಲಸ ಬಿಡಲೇಬೇಕು ಅಂದುಕೊಂಡಿದ್ದರೆ ಖಾಲಿ ವರ್ಷಕ್ಕೆ ಬಿಡಬೇಡಿ, ಇನ್ನೊಂದು ಕೆಲಸಕ್ಕೆ ಬಿಡಿ. ಕಡಿಮೆ ಸಂಬಳದ, ಆದರೆ ಹಳ್ಳಿಯಲ್ಲಿ ಕಾಲೂರಿ ಮಾಡುವ ಕೆಲಸಕ್ಕೆ. ನಮ್ಮಲ್ಲೇ ಅದಕ್ಕೆ ಜಾಗ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿ, ಕಲಬುರಗಿ, ರಾಯಚೂರು ಕಡೆ ಶಾಲೆಗಳ ಜೊತೆ ಕೆಲಸ ಮಾಡುತ್ತದೆ. 1984ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆ, ಸರಗೂರು ಭಾಗದಲ್ಲಿ ಆದಿವಾಸಿಗಳ ನಡುವೆ ಆಸ್ಪತ್ರೆ, ಶಾಲೆ ನಡೆಸುತ್ತಿದೆ. ಇಂಥ ಕಡೆ ಒಂದೂವರೆ ವರ್ಷ ಮಾಡಿದ ಡೇಟಾ ಕೆಲಸ ಅರ್ಜಿಯಲ್ಲಿ ಎಷ್ಟು ತೂಗುತ್ತದೆ ಗೊತ್ತಾ? ಬೆಂಗಳೂರಿನ ಎಂಟು ವರ್ಷದ ಪಕ್ಕದಲ್ಲಿ ಅದು ಕೂತಾಗ ನಿಮ್ಮ ಪ್ರೊಫೈಲ್ ಓದುವ ರೀತಿಯೇ ಬದಲಾಗುತ್ತದೆ. ಭಾರತದೊಳಗೇ ಕೆಲಸ ಮಾಡುವ ರಾಷ್ಟ್ರೀಯ ಯುಎನ್ ಸ್ವಯಂಸೇವಕ ಹುದ್ದೆಗಳೂ ಇವೆ, ಅವನ್ನೂ ನೋಡುತ್ತಿರಿ. ಇದರ ಅಪಾಯವೂ ಹೇಳಿಬಿಡಬೇಕು. ಸಂಬಳ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. 27 ಸಾವಿರದ ಕಂತು ಆಗ ಭಾರವಾಗುತ್ತದೆ. ಆಮೇಲೆ ಆಫ್ರಿಕಾದ ಆಫರ್ ಬರದೆಯೂ ಹೋಗಬಹುದು. ಆಗಲೂ ಕೈಯಲ್ಲಿ ಒಂದು ಕೆಲಸ ಇರುತ್ತದೆ ಅನ್ನುವುದೇ ಇದಕ್ಕೂ ಖಾಲಿ ವರ್ಷಕ್ಕೂ ಇರುವ ವ್ಯತ್ಯಾಸ. ಎಷ್ಟೋ ಜನ ಯಾದಗಿರಿಗೆ ಹೋದ ಮೇಲೆ ಆಫ್ರಿಕಾ ಯಾಕೆ ಬೇಕು ಅಂದುಕೊಂಡು ಅಲ್ಲೇ ಉಳಿದಿದ್ದಾರೆ. ಅದೂ ತಪ್ಪಲ್ಲ.

ನಿಮ್ಮ ಪತ್ರದಲ್ಲಿ ನೀವು ಗಮನಿಸದೆ ಬಿಟ್ಟಿರುವ ಎರಡು ವಿಷಯಗಳು ನನಗೆ ಎದ್ದು ಕಂಡವು.

ಮೊದಲನೆಯದು ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡುವ ಇಡುಗಂಟು. ಕಾಯಂ ನೌಕರರಿಗೆ ಐದು ವರ್ಷ ಸತತ ಸೇವೆ ಆಗಿರಬೇಕು ಅನ್ನುವುದು ನಿಯಮ. ಈಗ ನಾಲ್ಕು ವರ್ಷ ನಾಲ್ಕು ತಿಂಗಳು. ಎರಡು ತಿಂಗಳ ನಂತರ ರಾಜೀನಾಮೆ, 90 ದಿನ ನೋಟಿಸ್. ಕೊನೆಯ ದಿನಕ್ಕೆ ನಾಲ್ಕು ವರ್ಷ ಒಂಬತ್ತು ತಿಂಗಳು! ಮೂಲ ವೇತನ 45 ಸಾವಿರ ಅಂತ ಇಟ್ಟುಕೊಂಡರೂ ಐದು ವರ್ಷಕ್ಕೆ ಬರುವ ಗ್ರಾಚುಟಿ ಸುಮಾರು 1.3 ಲಕ್ಷ. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಅನ್ನುವ ವಾದ ಇದೆ, ಮದ್ರಾಸ್ ಹೈಕೋರ್ಟ್ ಅದನ್ನು ಒಪ್ಪಿದ್ದೂ ಇದೆ. ಆದರೆ ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಮೂರು ತಿಂಗಳಿಗಾಗಿ ಎಚ್‌ಆರ್ ಜೊತೆ ಜಗಳಕ್ಕೆ ಇಳಿಯುವ ಬದಲು ಐದು ವರ್ಷ ಮುಗಿಸಿಬಿಡಿ.

ಇದರ ಜೊತೆಗೇ ಪಿಎಫ್. ಕೆಲಸ ಬಿಟ್ಟ ಕೂಡಲೇ ಪಿಎಫ್ ತೆಗೆದು ಖರ್ಚು ಮಾಡುವ ಚಾಳಿ ನಮ್ಮವರಲ್ಲಿ ಬಹಳ. ಬೇಡ. ಕಂತು ಕಟ್ಟದಿದ್ದರೂ ನಿಮ್ಮ ವಯಸ್ಸಿನವರ ಖಾತೆಗೆ ಬಡ್ಡಿ ಬರುತ್ತಲೇ ಇರುತ್ತದೆ. ಪಿಂಚಣಿ ಭಾಗಕ್ಕೆ ಹತ್ತು ವರ್ಷದ ಸೇವೆ ಬೇಕು. ನಿಮಗೆ ಎಂಟು ಆಗಿದೆ. ಈಗ ಅದನ್ನೂ ತೆಗೆದುಬಿಟ್ಟರೆ ಆ ಎಂಟು ವರ್ಷ ಅಳಿಸಿಹೋಗುತ್ತದೆ, ವಾಪಸ್ ಬಂದ ಮೇಲೆ ಒಂದರಿಂದ ಎಣಿಸಬೇಕು. ಹಾಗೇ ಬಿಟ್ಟರೆ ಹಳೆಯದಕ್ಕೆ ಹೊಸದು ಸೇರಿಕೊಳ್ಳುತ್ತದೆ.

ಎರಡನೆಯದು ಅಪ್ಪನ ವಿಮೆ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಅತಿ ದೊಡ್ಡ ಅಪಾಯ ಇದೇ. ಕೆರಿಯರ್ ಗ್ಯಾಪ್ ಅಲ್ಲ, ಆಫ್ರಿಕಾದ ಮಲೇರಿಯಾವೂ ಅಲ್ಲ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ನಿಮ್ಮ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ಮಾರನೆಯ ದಿನ ಅಪ್ಪನಿಗೆ ಎದೆನೋವು ಬಂದರೆ ಅದು ನಿಮ್ಮ ಆರೂವರೆ ಲಕ್ಷದಿಂದಲೇ ಹೋಗಬೇಕು. ಸ್ಟೆಂಟ್ ಹಾಕಿಸಿಕೊಂಡ 64ರ ಮನುಷ್ಯನಿಗೆ ಹೊಸದಾಗಿ ಪಾಲಿಸಿ ಮಾಡಿಸಲು ಹೋದರೆ ಕೆಲವರು ಬೇಡ ಅನ್ನುತ್ತಾರೆ. ಕೊಟ್ಟವರೂ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು.

ದಾರಿ ಇಲ್ಲದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶ ಇದೆ. ಗುಂಪಿನಲ್ಲಿದ್ದಷ್ಟು ವರ್ಷ ಈ ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಸಿಗುತ್ತದೆ. ನಿಮ್ಮ ಅಪ್ಪ ನಾಲ್ಕು ವರ್ಷ ಗುಂಪಿನಲ್ಲಿದ್ದಾರೆ ಅಂದರೆ ಅದು ದೊಡ್ಡ ಲಾಭ. ಆದರೆ ಅರ್ಜಿ ಕೆಲಸದಲ್ಲಿರುವಾಗಲೇ, ಗುಂಪಿನಿಂದ ಹೊರಬೀಳುವ ಮೊದಲೇ ಹಾಕಬೇಕು. ಪ್ರೀಮಿಯಂ ಜಾಸ್ತಿಯೇ ಇರುತ್ತದೆ, ಅದನ್ನೂ ಲೆಕ್ಕದಲ್ಲಿ ಸೇರಿಸಿ. ಅಪ್ಪ ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲೋ ಹಾಲಿನ ಡೇರಿಯಲ್ಲೋ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯನ್ನೂ ವಿಚಾರಿಸಿ. ಅದಕ್ಕೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ನೋಂದಣಿ. ಕೇಂದ್ರದ ಆಯುಷ್ಮಾನ್ ಯೋಜನೆಯಲ್ಲಿ ಎಲ್ಲ ಹಿರಿಯರಿಗೂ ಸಿಗುವ ಸೌಲಭ್ಯ 70 ತುಂಬಿದವರಿಗೆ, ಅವರಿಗಿನ್ನೂ ಆರು ವರ್ಷ ಇದೆ.

ಇನ್ನು ನಿಮ್ಮ ಮ್ಯಾನೇಜರ್ ಮಾತು. ‘ಗ್ಯಾಪ್ ಆದರೆ ಯಾರೂ ತಗೊಳ್ಳಲ್ಲ’ ಅನ್ನುವುದು ಅರ್ಧ ನಿಜ. ತಯಾರಿಯ ಖಾಲಿ ವರ್ಷ ಬಯೋಡೇಟಾದಲ್ಲಿ ತೂತಿನ ಹಾಗೆ ಕಾಣುತ್ತದೆ, ಅದಕ್ಕೆ ವಿವರಣೆ ಕೊಡುತ್ತಾ ಕೂರಬೇಕು. ವಿದೇಶದಲ್ಲಿ ಮಾಡಿದ ಎರಡು ವರ್ಷದ ಕೆಲಸ ಗ್ಯಾಪ್ ಅಲ್ಲ, ಅದು ಅನುಭವ. ಯುಎನ್‌ವಿ ಮುಗಿದಾಗ ಸೇವಾ ಪ್ರಮಾಣಪತ್ರ ಕೊಡುತ್ತಾರೆ. ಹಳೆಯ ಸಂಬಳಕ್ಕೇ, ಅದೇ ಹುದ್ದೆಗೇ ವಾಪಸ್ ಬರುತ್ತೀರಿ ಅಂತ ಮಾತ್ರ ನಾನು ಹೇಳಲಾರೆ. ತಂತ್ರಜ್ಞಾನ ಎರಡು ವರ್ಷ ಮುಂದೆ ಹೋಗಿರುತ್ತದೆ, ನಿಮ್ಮ ಜೊತೆಯವರು ಪ್ರಮೋಷನ್ ತೆಗೆದುಕೊಂಡಿರುತ್ತಾರೆ. ಈ ಬೆಲೆ ನಿಜ. ಕೊಡಲು ಸಿದ್ಧವೇ ಅಂತ ನೀವೇ ತೀರ್ಮಾನಿಸಬೇಕು.

ಅದರ ಇನ್ನೊಂದು ತುದಿಯಲ್ಲೂ ಒಂದು ತಪ್ಪು ಕಲ್ಪನೆ ಇದೆ. ಸ್ವಯಂಸೇವಕಿಯಾಗಿ ಒಳಗೆ ಹೋದರೆ ವಿಶ್ವಸಂಸ್ಥೆಯಲ್ಲಿ ಕಾಯಂ ನೌಕರಿ ಸಿಗುತ್ತದೆ ಅನ್ನುವುದು. ಒಪ್ಪಂದದಲ್ಲೇ ಬರೆದಿರುತ್ತಾರೆ, ಇದು ಉದ್ಯೋಗವಲ್ಲ, ಮುಂದೆ ಉದ್ಯೋಗದ ಭರವಸೆಯೂ ಇಲ್ಲ ಎಂದು. ಆಮೇಲೆ ಅಲ್ಲಿಯ ಹುದ್ದೆಗಳಿಗೆ ಅರ್ಜಿ ಹಾಕಿ ಗೆದ್ದವರು ಇದ್ದಾರೆ. ಅವರ ಕಥೆ ನಮ್ಮ ಕಿವಿಗೆ ಬೀಳುತ್ತದೆ, ಊರಿಗೆ ವಾಪಸ್ ಬಂದವರ ಕಥೆ ಬೀಳುವುದಿಲ್ಲ.

ದುಡ್ಡಿನ ವಿಷಯದಲ್ಲೂ ಹಾಗೇ. ‘ಸ್ವಯಂಸೇವೆ ಅಂದರೆ ಕೈಯಿಂದ ಹಾಕಬೇಕು’ ಅನ್ನುವವರೂ ‘ಡಾಲರ್‌ನಲ್ಲಿ ಸಂಬಳ’ ಅನ್ನುವವರೂ ಇಬ್ಬರೂ ತಪ್ಪು. ತಿಂಗಳ ಜೀವನ ಭತ್ಯೆ ಬರುತ್ತದೆ, ದೇಶಕ್ಕೆ ತಕ್ಕಂತೆ ಹೆಚ್ಚುಕಡಿಮೆ. ಶುರುವಿನಲ್ಲಿ ನೆಲೆಯೂರಲು ಒಂದು ಮೊತ್ತ, ಮುಗಿದಾಗ ಒಂದು ಮೊತ್ತ, ಪ್ರಯಾಣ, ಆರೋಗ್ಯ ಮತ್ತು ಜೀವ ವಿಮೆ, ತಿಂಗಳಿಗೆ ಎರಡೂವರೆ ದಿನದಂತೆ ರಜೆ. ಸಂಬಳ ಅಂತ ಕರೆಯುವುದಿಲ್ಲ, ಪಿಎಫ್ ಕಟ್ಟುವುದಿಲ್ಲ. ನೀವು ಒಬ್ಬರೇ ಮಿತವಾಗಿ ಬದುಕಲು ಸಾಕು. ಊರಿನ ಕಂತನ್ನೂ ಅದರಿಂದಲೇ ಕಟ್ಟುತ್ತೇನೆ ಅಂದುಕೊಂಡು ಹೊರಡಬೇಡಿ. ನನ್ನ ಸಲಹೆ, ಹೊರಡುವ ದಿನಕ್ಕೆ ಒಂದು ವರ್ಷದ ಕಂತು ಮತ್ತು ಮನೆಖರ್ಚು ಪ್ರತ್ಯೇಕ ಖಾತೆಯಲ್ಲಿರಲಿ. ನಿಮ್ಮ ಲೆಕ್ಕದಲ್ಲಿ ಅದು 5 ಲಕ್ಷ 4 ಸಾವಿರ. ಅಂದರೆ ಕೈಯಲ್ಲಿರುವ ದುಡ್ಡು ತಯಾರಿಯ ಖಾಲಿ ವರ್ಷಕ್ಕೆ ಸಾಲದು, ಹೋಗುವುದಕ್ಕೆ ಹೆಚ್ಚುಕಡಿಮೆ ಸಾಕು. ವಾಪಸ್ ಬಂದ ಮೇಲೆ ಕೆಲಸ ಹುಡುಕುವ ನಾಲ್ಕಾರು ತಿಂಗಳಿಗೂ ಸ್ವಲ್ಪ ಸೇರಿಸಿಕೊಳ್ಳಿ. ಐದು ವರ್ಷ ಮುಗಿಸಿದರೆ ಬರುವ ಗ್ರಾಚುಟಿ ಅಲ್ಲಿ ನೆರವಿಗೆ ಬರುತ್ತದೆ.

ಸರಿ, ಆಫರ್ ಬರುವವರೆಗೆ ಕೆಲಸದಲ್ಲೇ ಇರಿ ಅಂದೆ. ಅಲ್ಲೊಂದು ತೊಡಕಿದೆ, ಮುಚ್ಚಿಡುವುದಿಲ್ಲ. ನಿಮ್ಮ ನೋಟಿಸ್ 90 ದಿನ. ಆಫರ್ ಬಂದ ಮೇಲೆ ವೈದ್ಯಕೀಯ ತಪಾಸಣೆ, ವೀಸಾ ಅಂತ ಕೆಲವು ವಾರ ಹಿಡಿಯುತ್ತದೆ. ಆದರೂ ಅಲ್ಲಿಯವರು ಬೇಗ ಬನ್ನಿ ಅನ್ನುತ್ತಾರೆ, ಮೂರು ತಿಂಗಳು ಕಾಯುವುದಿಲ್ಲ ಅನ್ನಲೂಬಹುದು. ಅದಕ್ಕೆ ಮೂರು ಕೆಲಸ ಈಗಲೇ ಮಾಡಿಡಿ. ನೇಮಕಾತಿ ಪತ್ರ ತೆಗೆದು, ನೋಟಿಸ್ ಬದಲು ದುಡ್ಡು ಕಟ್ಟಿ ಹೊರಬರಲು ಅವಕಾಶ ಇದೆಯೇ ನೋಡಿ. ಎಷ್ಟೋ ಕಡೆ ಅದು ಕಂಪನಿಯ ಮರ್ಜಿಗೆ ಬಿಟ್ಟದ್ದಾಗಿರುತ್ತದೆ. ಉಳಿದ ರಜೆಯನ್ನು ನೋಟಿಸ್‌ಗೆ ಹೊಂದಿಸಬಹುದೇ ಕೇಳಿ. ಸಂದರ್ಶನದಲ್ಲಿ ಯಾವಾಗ ಸೇರಬಲ್ಲಿರಿ ಅಂದಾಗ ನಿಜ ಹೇಳಿ. 60 ದಿನ ಅಂದರೆ ಬಹಳ ಕಡೆ ಒಪ್ಪುತ್ತಾರೆ. ‘ನಾಳೆಯೇ ಬರುತ್ತೇನೆ’ ಅಂದು ಆಮೇಲೆ ಎಳೆದರೆ ಹೆಸರು ಕೆಡುತ್ತದೆ. ರಿಲೀವಿಂಗ್ ಲೆಟರ್ ಇಲ್ಲದೆ ಓಡಿಹೋಗುವುದಂತೂ ಬೇಡವೇ ಬೇಡ. ವಾಪಸ್ ಬಂದಾಗ ಮೊದಲು ಕೇಳುವುದೇ ಅದನ್ನು.

ಸಂಬಳವಿಲ್ಲದ ದೀರ್ಘ ರಜೆ ಕೊಡುವ ಪದ್ಧತಿ ನಿಮ್ಮ ಕಂಪನಿಯಲ್ಲಿದ್ದರೆ ಇನ್ನೂ ಒಳ್ಳೆಯದು. ದೊಡ್ಡ ಕಂಪನಿಗಳಲ್ಲಿ ಕೆಲವು ಆರು ತಿಂಗಳು, ಒಂದು ವರ್ಷ ಕೊಡುತ್ತವೆ. ಕೊಟ್ಟರೆ ಮೂರು ವಿಷಯ ಬರಹದಲ್ಲಿ ಪಡೆಯಿರಿ: ವಾಪಸ್ ಬಂದಾಗ ಹುದ್ದೆ ಇರುತ್ತದೆಯೇ, ರಜೆಯಲ್ಲಿ ಅಪ್ಪನ ವಿಮೆ ಮುಂದುವರಿಯುತ್ತದೆಯೇ, ಆ ಅವಧಿಯಲ್ಲಿ ಬೇರೆ ಸಂಸ್ಥೆಯ ಭತ್ಯೆ ಪಡೆಯಲು ಅನುಮತಿ ಇದೆಯೇ. ಮ್ಯಾನೇಜರ್ ಬಾಯಿಮಾತಿಗೆ ಬೆಲೆ ಇಲ್ಲ. ನೀವು ವಾಪಸ್ ಬರುವ ಹೊತ್ತಿಗೆ ಅವರೇ ಅಲ್ಲಿ ಇರುವುದಿಲ್ಲ.

ಬೇರೆ ಸಂಸ್ಥೆಗಳ ಬಗ್ಗೆ ಒಂದೆರಡು ಮಾತು, ಇದೇ ಪ್ರಶ್ನೆ ಇರುವ ಬೇರೆ ಓದುಗರಿಗೂ ಸೇರಿ. ಅಮೆರಿಕದ ಪೀಸ್ ಕೋರ್ ಅಲ್ಲಿನ ಪ್ರಜೆಗಳಿಗೆ ಮಾತ್ರ. ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸ್ವಯಂಸೇವಕರು ಜಪಾನೀಯರೇ. ಡಾಕ್ಟರು, ನರ್ಸುಗಳಾದರೆ ಮೆಡ್ಸಾಂ ಸಾನ್ ಫ್ರಾಂಟಿಯೆರ್ (ಎಂಎಸ್‌ಎಫ್, ‘ಗಡಿಗಳಿಲ್ಲದ ವೈದ್ಯರು’) ನೋಡಬಹುದು, ಅಲ್ಲಿ ಲೆಕ್ಕಪತ್ರ, ಸಾಗಣೆ, ನೀರು ನೈರ್ಮಲ್ಯದವರಿಗೂ ಕೆಲಸ ಇದೆ. ಜರ್ಮನಿಯ ಎಫ್‌ಎಸ್‌ಜೆ ಅನ್ನುವ ಸ್ವಯಂಸೇವಾ ವರ್ಷ 27ರೊಳಗಿನವರಿಗೆ, ಭಾಷೆ ಬರಬೇಕು, ಕೈಖರ್ಚಿನ ದುಡ್ಡು ಕೊಡುತ್ತಾರೆ. ಅದನ್ನು ಇಲ್ಲಿ ಲಕ್ಷಗಟ್ಟಲೆಗೆ ಮಾರುವವರಿದ್ದಾರೆ, ಎಚ್ಚರ. ಇನ್ನು ದುಡ್ಡು ಕೊಟ್ಟು ಎರಡು ವಾರ ನೇಪಾಳದ್ದೋ ಕಾಂಬೋಡಿಯಾದ್ದೋ ಅನಾಥಾಲಯದಲ್ಲಿ ಮಕ್ಕಳ ಜೊತೆ ಆಡಿ ಬರುವ ಪ್ಯಾಕೇಜುಗಳು. ದಯವಿಟ್ಟು ಬೇಡ. ಆ ‘ಅನಾಥ’ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ವಿದೇಶಿಯರ ದುಡ್ಡಿಗಾಗಿಯೇ ಮಕ್ಕಳನ್ನು ಮನೆಯಿಂದ ತಂದು ಕೂಡಿಹಾಕಿದ ಪ್ರಕರಣಗಳು ಎರಡೂ ದೇಶಗಳಲ್ಲಿ ಬಯಲಾಗಿವೆ.

ಅಮ್ಮನ ವಿಷಯ. ನಾನು ಮದುವೆ ಬಗ್ಗೆ ಸಲಹೆ ಕೊಡುವವನಲ್ಲ. ಆದರೆ ಅವರ ಅಳುವಿನಲ್ಲಿ ಮದುವೆ ಎಷ್ಟು, ಕೆಲಸ ಬಿಟ್ಟ ಮಗಳ ಭಯ ಎಷ್ಟು, ಅಪ್ಪನ ಆಸ್ಪತ್ರೆ ಭಯ ಎಷ್ಟು ಅಂತ ಕೂತು ಕೇಳಿದ್ದೀರಾ? ‘ಕೆಲಸ ಬಿಡುತ್ತಿದ್ದೇನೆ’ ಅನ್ನುವುದರ ಬದಲು ‘ಕೆಲಸದಲ್ಲೇ ಇದ್ದೇನೆ, ಅಪ್ಪನ ವಿಮೆ ಮಾಡಿಸಿದ್ದೇನೆ, ಒಂದು ವರ್ಷದ ಕಂತು ಬ್ಯಾಂಕಿನಲ್ಲಿದೆ, ಆಫರ್ ಬಂದರೆ ಹೋಗುತ್ತೇನೆ’ ಅಂದರೆ ಮಾತು ಬೇರೆಯೇ ಆಗುತ್ತದೆ. ಊಟದ ಚಿಂತೆ ಇದ್ದರೆ ಇದನ್ನೂ ಹೇಳಿ: ಮಲಾವಿಯ ನ್ಸೀಮಾ, ಕೀನ್ಯಾದ ಉಗಾಲಿ ಎರಡೂ ನಮ್ಮ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ. ನೈರೋಬಿ, ಕಂಪಾಲಾದಲ್ಲಿ ಗುಜರಾತಿಗಳ ಅಂಗಡಿಗಳಲ್ಲಿ ತೊಗರಿಬೇಳೆ, ಸಾಸಿವೆ, ಇಂಗು ಎಲ್ಲ ಸಿಗುತ್ತದೆ. ದಕ್ಷಿಣ ಸುಡಾನ್‌ನ ರಾಜಧಾನಿ ಜೂಬಾದಂಥ ಕಡೆ ಕಷ್ಟ. ಅಲ್ಲಿ ರಾತ್ರಿ ಓಡಾಟಕ್ಕೂ ನಿರ್ಬಂಧ ಇರುತ್ತದೆ, ಒಂಟಿತನ ಕಾಡುತ್ತದೆ. ಮೊದಲ ಸಲಕ್ಕೆ ಅಂಥ ಜಾಗ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಾಗದಪತ್ರ ಮಾತ್ರ ಈಗಿನಿಂದಲೇ ಸಿದ್ಧವಾಗಿರಲಿ. ಪಾಸ್‌ಪೋರ್ಟ್ ಅವಧಿ ಕನಿಷ್ಠ ಎರಡು ಮೂರು ವರ್ಷ ಉಳಿದಿರಲಿ. ಪದವಿ ಪತ್ರದಲ್ಲಿ, ಪಾಸ್‌ಪೋರ್ಟಿನಲ್ಲಿ, ಆಧಾರ್‌ನಲ್ಲಿ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಥರ ಇದೆಯೇ ನೋಡಿ, ನಮ್ಮ ಕಡೆಯವರಿಗೆ ತಗಲಿಕೊಳ್ಳುವುದೇ ಅಲ್ಲಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಈಗಲೇ ಬೇಡ, ಕೇಳಿದಾಗ ಮಾಡಿಸಿ. ಹಳದಿ ಜ್ವರದ ಲಸಿಕೆ ಮಾತ್ರ ಮರೆಯಬೇಡಿ. ಆಫ್ರಿಕಾದ ಅನೇಕ ದೇಶಗಳಿಗೆ ಅದು ಕಡ್ಡಾಯ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಷ್ಟೇ ಹಾಕುತ್ತಾರೆ. ಹಾಕಿಸಿಕೊಂಡ ಹತ್ತು ದಿನದ ನಂತರ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಆ ದೇಶಗಳಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನದವರೆಗೆ ಪ್ರತ್ಯೇಕ ಇಡಬಹುದು.

ಇವೆಲ್ಲ ಆರು ತಿಂಗಳಲ್ಲಿ, ವಾರಾಂತ್ಯಗಳಲ್ಲಿ ಆಗುವ ಕೆಲಸ. ಅಪ್ಪನ ಪಾಲಿಸಿಯದ್ದು ಮಾತ್ರ ತಡ ಮಾಡಬೇಡಿ. ಗುಂಪು ವಿಮೆ ಯಾವ ಕಂಪನಿಯದ್ದು, ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಅರ್ಜಿ ಯಾರಿಗೆ ಕೊಡಬೇಕು, ಎಷ್ಟು ದಿನ ಮೊದಲು ಕೊಡಬೇಕು ಅಂತ ಕೇಳಿ ಈ ವಾರವೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಯಾಕೆ ಕೇಳುತ್ತಿದ್ದೀರಿ ಅಂದರೆ ಅಪ್ಪನ ವಯಸ್ಸಿನ ಕಾರಣ ಹೇಳಿ, ಅದೂ ನಿಜವೇ.